ಕಾಲು ಸೋತರೆ ದೋಷ ಕಾಲಿನಲ್ಲೇ ಇರಬೇಕಿಲ್ಲ: ಮೆದುಳು, ಬೆನ್ನುಹುರಿಯ ತೊಂದರೆ ಗುರುತಿಸುವ ಕೈಪಿಡಿ

ಕೈ ಜೋಮು ಹಿಡಿದರೆ ಕೈಗೆ ಎಣ್ಣೆ ತಿಕ್ಕುತ್ತೇವೆ. ಕಾಲು ಎಳೆದರೆ ಕಾಲಿಗೆ ಪಟ್ಟಿ ಕಟ್ಟುತ್ತೇವೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆಮನೆಯಲ್ಲೂ ಇದೇ ರೂಢಿ. ಆದರೆ ಕೈಕಾಲು ತಾವಾಗಿಯೇ ಅಲುಗುವುದಿಲ್ಲ. ಅಪ್ಪಣೆ ಮೆದುಳಿನಿಂದ ಹೊರಟು, ಬೆನ್ನುಹುರಿಯಲ್ಲಿ ಇಳಿದು, ನರದ ಮೂಲಕ ಸ್ನಾಯುವಿಗೆ ಮುಟ್ಟಬೇಕು. ಈ ದಾರಿಯಲ್ಲಿ ಎಲ್ಲಿ ತಡೆ ಬಿದ್ದರೂ ಕೊನೆಗೆ ಕಾಣುವುದು ಕೈಯಲ್ಲೋ ಕಾಲಲ್ಲೋ.

ಕರೆಂಟ್ ಹೋದಾಗ ಮೊದಲು ಏನು ನೋಡುತ್ತೇವೆ? ನಮ್ಮ ಮನೆಗೆ ಮಾತ್ರ ಹೋಗಿದೆಯೋ, ಓಣಿಗೆಲ್ಲಾ ಹೋಗಿದೆಯೋ ಅಂತ, ಅಲ್ವಾ? ಅಷ್ಟರಲ್ಲೇ ದೋಷ ಫ್ಯೂಸಿನದೋ ಟಿಸಿಯದೋ ಗೊತ್ತಾಗುತ್ತದೆ. ಮೈಯಲ್ಲೂ ಹಾಗೆಯೇ ಎಷ್ಟು ಜಾಗ ಸೋತಿದೆ ಎಂದು ನೋಡಿದರೆ ದೋಷ ಎಲ್ಲಿದೆ ಎಂಬ ಸುಳಿವು ಸಿಗುತ್ತದೆ. ರೋಗ ಯಾವುದು ಎಂದು ಹೇಳುವುದು ಡಾಕ್ಟರ ಕೆಲಸ. ಎಷ್ಟು ಬೇಗ ಹೋಗಬೇಕು, ಏನು ಹೇಳಬೇಕು ಎಂಬುದನ್ನು ಮಾತ್ರ ಮನೆಯವರೇ ತಿಳಿದಿರಬೇಕು.

ಮೊದಲು ದಾರಿ ಗೊತ್ತಿರಲಿ

ದೊಡ್ಡವರ ಮೆದುಳು ಸುಮಾರು 1.3ರಿಂದ 1.4 ಕಿಲೊ ತೂಗುತ್ತದೆ. ಮೈತೂಕದಲ್ಲಿ ಅದು ನೂರಕ್ಕೆ 2 ಪಾಲು. ಆದರೆ ಮೈಗೆ ಬೇಕಾದ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಹೀಗಾಗಿ ರಕ್ತ ನಿಂತರೆ ಬೇರೆ ಅಂಗ ಸ್ವಲ್ಪ ಹೊತ್ತು ತಡೆದೀತು, ಮೆದುಳು ತಡೆಯುವುದಿಲ್ಲ. ಎಡ ಮೆದುಳು ಮೈಯ ಬಲಭಾಗವನ್ನು ನಡೆಸುತ್ತದೆ, ಬಲ ಮೆದುಳು ಎಡಭಾಗವನ್ನು. ಹೆಚ್ಚಿನವರಲ್ಲಿ ಮಾತು ಎಡ ಮೆದುಳಿನ ಕೆಲಸ. ಬಲಗೈ ಬಲಗಾಲು ಬಿದ್ದವರಿಗೆ ಮಾತೂ ಹೋಗುವುದು ಜಾಸ್ತಿ, ಕಾರಣ ಇದೇ. ತಲೆಯ ಹಿಂಬದಿಯ ಕಿರುಮೆದುಳು ನಡಿಗೆ ತೂರಾಡದಂತೆ ನೋಡಿಕೊಳ್ಳುತ್ತದೆ. ಮೆದುಳಿನ ಕಾಂಡ ಉಸಿರು, ಎಚ್ಚರ, ನುಂಗುವುದನ್ನು ಕಾಯುತ್ತದೆ.

ಬೆನ್ನುಹುರಿ ಸುಮಾರು 45 ಸೆಂ.ಮೀ. ಉದ್ದ. ಅದರಿಂದ 31 ಜೊತೆ ನರಗಳು ಹೊರಬರುತ್ತವೆ. ಹುರಿ ಬೆನ್ನುಮೂಳೆಯ ತುದಿವರೆಗೂ ಇಳಿಯುವುದಿಲ್ಲ, ಟೊಂಕದ 1ನೇ ಅಥವಾ 2ನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಅದರ ಕೆಳಗಿರುವುದು ನರಗಳ ಕಟ್ಟು. ಈ ಒಂದು ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದೇ ಬದಿಯ ಮುಖ, ಕೈ, ಕಾಲು ಸೇರಿ ಸೋತರೆ ಮೆದುಳಿನ ಮೇಲೆ ಅನುಮಾನ. ಎದೆಯಲ್ಲೋ ಹೊಟ್ಟೆಯಲ್ಲೋ ಒಂದು ಮಟ್ಟದಿಂದ ಕೆಳಗೆ ಎರಡೂ ಕಡೆ ಸೋತರೆ ಬೆನ್ನುಹುರಿ. ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ನೋವು, ಜೋಮು ಇದ್ದರೆ ಒಂದು ನರ. ಎರಡೂ ಪಾದಗಳಲ್ಲಿ ಶುರುವಾಗಿ ವರ್ಷಗಟ್ಟಲೆ ಮೆಲ್ಲಗೆ ಏರಿದರೆ ನರಗಳ ತುದಿ. ಇದರ ಜೊತೆಗೆ ಕೇಳಬೇಕಾದದ್ದು: ಯಾವಾಗ ಶುರುವಾಯಿತು? ನಿಮಿಷಗಳಲ್ಲಿ ಬಂದದ್ದಕ್ಕೆ ನಿಮಿಷಗಳಲ್ಲೇ ಓಡಬೇಕು.

ಒಮ್ಮೆಲೇ ಬಾಯಿ ಸೊಟ್ಟ, ಒಂದು ಕೈ ಕಾಲು ಬಿತ್ತು, ಮಾತು ತೊದಲಿತು

ನಮ್ಮ ಕಡೆ ಇದನ್ನೇ ಲಕ್ವಾ ಹೊಡೆಯಿತು ಅನ್ನುತ್ತಾರೆ. ಮೆದುಳಿನ ರಕ್ತನಾಳ ಕಟ್ಟಿಕೊಂಡಿರುತ್ತದೆ, ಇಲ್ಲವೇ ಒಡೆದಿರುತ್ತದೆ.

ಖರ್ಚಿಲ್ಲದ ಪರೀಕ್ಷೆ ಅರ್ಧ ನಿಮಿಷದ್ದು. "ಕಾಕಾ, ಒಮ್ಮೆ ಹಲ್ಲು ಕಾಣುವಂಗ ನಗ್ರಿ" ಅನ್ನಿ. ಬಾಯಿ ಒಂದು ಕಡೆಗೆ ಎಳೆಯುತ್ತದಾ ನೋಡಿ. ಎರಡೂ ಕೈ ಮುಂದಕ್ಕೆ ಎತ್ತಿ, ಕಣ್ಣು ಮುಚ್ಚಿ ಹಿಡಿಯಲು ಹೇಳಿ. ಒಂದು ಕೈ ತಾನಾಗಿ ಇಳಿಯುತ್ತದಾ? "ನಾಳೆ ಬಸವಕಲ್ಯಾಣಕ್ಕೆ ಹೋಗಬೇಕು" ಅನ್ನಿಸಿ. ಮಾತು ಒಡೆಯುತ್ತದಾ? ಈ ಮೂರರಲ್ಲಿ ಒಂದು ತಪ್ಪಿದರೂ ಸಾಕು, 108ಕ್ಕೆ ಫೋನ್ ಮಾಡಿ. ಒಮ್ಮೆಲೇ ಒಂದು ಕಣ್ಣು ಕಾಣದಾಗುವುದು, ಎರಡೆರಡು ಕಾಣುವುದು, ನಿಲ್ಲಲೂ ಆಗದಂತೆ ತೂರಾಡುವುದು ಕೂಡ ಇದೇ ಪಟ್ಟಿಗೆ ಸೇರುತ್ತವೆ.

ಗಾಡಿ ಬರುವಷ್ಟರಲ್ಲಿ ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಶುಗರ್ ನೋಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟವರಲ್ಲಿ ಶುಗರ್ ತೀರಾ ಇಳಿದರೆ ಥೇಟ್ ಲಕ್ವಾದ ಹಾಗೆಯೇ ಕಾಣಬಹುದು. 70ಕ್ಕಿಂತ ಕಡಿಮೆ ಇದ್ದು, ಮನುಷ್ಯ ಪೂರ್ತಿ ಎಚ್ಚರವಿದ್ದು, ನೀರು ಸರಿಯಾಗಿ ನುಂಗಬಲ್ಲರಾದರೆ ಮಾತ್ರ ಸಕ್ಕರೆ ನೀರು ಕೊಡಿ. ಎಚ್ಚರ ಕಡಿಮೆ ಇದ್ದರೆ ಬಾಯಿಗೆ ಏನೂ ಬೇಡ. ಶುಗರ್ ಸರಿ ಇದ್ದರೂ ಆಗಲೂ ಏನೂ ಬೇಡ, ನೀರು, ಚಹಾ, ಬಿಪಿ ಮಾತ್ರೆ ಯಾವುದೂ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತ ತೆಳು ಮಾಡುವ ಆಸ್ಪಿರಿನ್ ಅಂತೂ ಕೊಡಲೇಬೇಡಿ. ನಾಳ ಒಡೆದದ್ದಾಗಿದ್ದರೆ ಅದು ಇನ್ನಷ್ಟು ಹಾನಿ ಮಾಡುತ್ತದೆ. ಕಟ್ಟಿದ್ದೋ ಒಡೆದದ್ದೋ ತಿಳಿಯುವುದು ಸಿಟಿಯಂಥ ಸ್ಕ್ಯಾನಿನಿಂದ ಮಾತ್ರ. ಹೊರಗಿನಿಂದ ನೋಡಿ ಯಾರೂ ಹೇಳಲಾರರು.

ನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ದೊಡ್ಡ ನಾಳ ಕಟ್ಟಿದ್ದರೆ ತಂತಿ ಹಾಕಿ ಹೆಪ್ಪು ತೆಗೆಯುವ ಚಿಕಿತ್ಸೆಯೂ ಇದೆ. ಅದನ್ನು ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡುತ್ತಾರೆ. ದೊಡ್ಡ ನಾಳ ಕಟ್ಟಿದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವಿದೆ. ಔರಾದ್, ಚಿಂಚೋಳಿ, ಸುರಪುರದ ಹಳ್ಳಿಗಳಿಂದ ದೊಡ್ಡ ದವಾಖಾನೆಗೆ ಬರಲು ದಾರಿಯೇ ಎಷ್ಟು ಹೊತ್ತು ತಿನ್ನುತ್ತದೆ ನಿಮಗೇ ಗೊತ್ತು. ಅಂಥದ್ದರಲ್ಲಿ ಪಾರಿವಾಳದ ರಕ್ತ ಹಚ್ಚಿಸಲು, ಬೇರೆ ಊರಿಗೆ ನಾಟಿ ಔಷಧಕ್ಕೆ ಕರೆದೊಯ್ಯಲು ಕಳೆದ ಹೊತ್ತು ಮರಳಿ ಬರುವುದಿಲ್ಲ. ಮನೆಯಲ್ಲಿ ಬಿಪಿ, ಶುಗರ್ ಇರುವ ಹಿರಿಯರಿದ್ದರೆ ಇವತ್ತೇ ಕೇಳಿ ತಿಳಿದಿಟ್ಟುಕೊಳ್ಳಿ: ಹತ್ತಿರದಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ನಡೆಯುವುದು ಎಲ್ಲಿ, ಈ ಇಂಜೆಕ್ಷನ್ ಕೊಡುವುದು ಎಲ್ಲಿ?

ಬೆಳಗ್ಗೆ ಎದ್ದಾಗಲೇ ಕೈ ಬಿದ್ದಿದ್ದರೆ ಗಡಿಯಾರ ಹಿಂದಕ್ಕೆ ಹೋಗಬೇಕು. ರಾತ್ರಿ ಕೊನೆಯ ಬಾರಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ? ಆ ಸಮಯವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು ಎಂದು ಮನೆಯಲ್ಲಿ ಉಳಿಯಬೇಡಿ. ಅದು ಸಣ್ಣ ಲಕ್ವಾ. ದೊಡ್ಡದು ಮುಂದಿನ ಒಂದೆರಡು ದಿನದಲ್ಲೇ ಬರಬಹುದು.

ಮುಖ ಮಾತ್ರ ಸೊಟ್ಟ, ಕೈಕಾಲು ಗಟ್ಟಿ

ಹುಬ್ಬು ಮೇಲೆತ್ತಲು ಹೇಳಿ. ಹಣೆಯ ಗೆರೆ ಎರಡೂ ಕಡೆ ಮೂಡಿ ಬಾಯಿ ಮಾತ್ರ ಸೊಟ್ಟ ಇದ್ದರೆ ಮೆದುಳಿನ ದೋಷ ಇರಬಹುದು. ಒಂದು ಕಡೆ ಹಣೆಯೂ ಸಪಾಟಾಗಿ, ಕಣ್ಣೂ ಮುಚ್ಚದಿದ್ದರೆ ಮುಖದ ನರದ ಊತದ ಸಾಧ್ಯತೆ ಜಾಸ್ತಿ. ಹಣೆಗೆ ಎರಡೂ ಬದಿಯ ಮೆದುಳಿನಿಂದ ಅಪ್ಪಣೆ ಬರುತ್ತದೆ, ಅದಕ್ಕೇ ಈ ವ್ಯತ್ಯಾಸ. ಆದರೂ ಇದನ್ನು ನಂಬಿ ಮನೆಯಲ್ಲಿ ಕೂರಬೇಡಿ. ನರದ ಊತಕ್ಕೂ 72 ಗಂಟೆಯೊಳಗೆ ಮಾತ್ರೆ ಶುರುಮಾಡಿದರೆ ಒಳ್ಳೆಯದು. ಮುಚ್ಚದ ಕಣ್ಣಿಗೆ ಧೂಳು ಬೀಳದಂತೆ ನೋಡಿಕೊಳ್ಳಿ.

ಫಿಟ್ಸ್ ಬಂತು

ಮೊದಲು ಗಡಿಯಾರ ನೋಡಿ. ಸುತ್ತಲಿನ ಕಲ್ಲು, ಕುಡುಗೋಲು, ಒಲೆ ದೂರ ಮಾಡಿ. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ, ಒಂದು ಮಗ್ಗುಲಿಗೆ ಹೊರಳಿಸಿ. ಕೈಯಲ್ಲಿ ಕೀಲಿಕೈ ಇಡುವುದು, ಚಪ್ಪಲಿ ಅಥವಾ ಉಳ್ಳಾಗಡ್ಡಿ ಮೂಸಿಸುವುದು ಬೇಡ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ. ಅದು ತಾನಾಗಿ ನಿಲ್ಲುವ ಹೊತ್ತಿಗೆ ಕೀಲಿಕೈ ಕೈಯಲ್ಲಿರುತ್ತದೆ ಅಷ್ಟೇ. ಹಲ್ಲಿನ ನಡುವೆ ಚಮಚ ತುರುಕಿದರೆ ಹಲ್ಲು ಮುರಿದು ಉಸಿರಿನ ದಾರಿಗೆ ಹೋಗಬಹುದು.

ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಜ್ವರ ಇದ್ದರೆ, ಬಸುರಿಗೆ ಬಂದರೆ, ಜೀವನದಲ್ಲಿ ಮೊದಲ ಸಲ ಬಂದಿದ್ದರೆ ತಡಮಾಡದೆ ದವಾಖಾನೆ. ಮೊದಲೇ ಮಾತ್ರೆ ನುಂಗುತ್ತಿದ್ದವರಾದರೆ ಎರಡು ದಿನ ಮಾತ್ರೆ ತಪ್ಪಿತ್ತಾ ಕೇಳಿ. ಜಾತ್ರೆ, ಮದುವೆಯ ನಿದ್ದೆಗೇಡು ಮತ್ತು ತಪ್ಪಿದ ಮಾತ್ರೆ ಸೇರಿದರೆ ಸಾಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಫಿಟ್ಸ್‌ಗೆ ದೊಡ್ಡ ಕಾರಣಗಳಲ್ಲಿ ಒಂದು, ಮೆದುಳು ಸೇರುವ ಲಾಡಿಹುಳುವಿನ ಮರಿ. ಹಂದಿ ಮಾಂಸ ತಿನ್ನದವರಿಗೂ ಇದು ಬರುತ್ತದೆ. ಈ ಹುಳು ಹೊಟ್ಟೆಯಲ್ಲಿರುವ ಮನುಷ್ಯನ ಮಲದಿಂದ ತತ್ತಿ ಮಣ್ಣಿಗೆ, ಅಲ್ಲಿಂದ ಸೊಪ್ಪಿಗೆ ಸೇರುತ್ತದೆ. ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲ ತಿನ್ನುವವರು ನಾವು. ಅದನ್ನು ಬಿಡಬೇಕಿಲ್ಲ. ಎಲೆ ಎಲೆ ಬಿಡಿಸಿ, ಹರಿಯುವ ನೀರಲ್ಲಿ ಚೆನ್ನಾಗಿ ತೊಳೆಯಿರಿ.

ಹೊಲದಿಂದ ಬಂದವರು ಗೊಂದಲದಲ್ಲಿದ್ದಾರೆ

ಹಣೆ ಮುಟ್ಟಿ, ಥರ್ಮಾಮೀಟರ್ ಇಡಿ. ಏಪ್ರಿಲ್, ಮೇ ಬಿಸಿಲಲ್ಲಿ ಮೈ 40 ಡಿಗ್ರಿ ಸೆಲ್ಸಿಯಸ್ ದಾಟಿ, ಅಂದರೆ 104 ಫ್ಯಾರನ್‌ಹೀಟ್ ಮೀರಿ, ಮಾತು ಅಡ್ಡಾದಿಡ್ಡಿಯಾದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ. ತಣ್ಣಗೆ ಮಾಡುವುದು ಇಲ್ಲೇ ಶುರುವಾಗಬೇಕು, ದವಾಖಾನೆಗೆ ಹೋಗುವ ದಾರಿಯಲ್ಲೂ ನಡೆಯಬೇಕು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ತೊಗರಿಗೆ ಕಾಯಿಕೊರಕ ಬಿದ್ದು ಔಷಧ ಹೊಡೆಯುವ ಕಾಲ, ಹತ್ತಿಗೆ ಸ್ಪ್ರೇ ಮಾಡುವ ಕಾಲವಾದರೆ ಬೇರೆ ಗುರುತು ನೋಡಿ. ಬಾಯಲ್ಲಿ ಜೊಲ್ಲು, ಮೈ ಬೆವರು, ಕಣ್ಣಪಾಪೆ ಚುಕ್ಕೆಯಷ್ಟು ಸಣ್ಣ, ಸ್ನಾಯುಗಳು ಅದುರುವುದು. ಇದು ಕೀಟನಾಶಕದ ವಿಷ. ಬಟ್ಟೆ ಬಿಚ್ಚಿ, ಸೋಪು ನೀರಿನಿಂದ ಮೈ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಳ್ಳಿ. ವಾಂತಿ ಮಾಡಿಸಬೇಡಿ. ಔಷಧದ ಡಬ್ಬಿಯನ್ನು ಜೊತೆಗೇ ಒಯ್ಯಿರಿ, ಡಾಕ್ಟರಿಗೆ ಅದರ ಹೆಸರು ಬೇಕು.

ಜ್ವರ, ಗೊಂದಲ, ಗದ್ದ ಎದೆಗೆ ತಾಗದಷ್ಟು ಕುತ್ತಿಗೆ ಬಿಗಿ ಈ ಮೂರೂ ಸೇರಿದರೆ ಮೆದುಳಿನ ಪೊರೆಗೆ ಸೋಂಕು ತಗುಲಿರಬಹುದು. ನಾಳೆಗೆ ಮುಂದೂಡುವ ಮಾತೇ ಇಲ್ಲ.

ಬೆಳಗ್ಗೆ ಎದ್ದಾಗ ಕಣ್ಣುರೆಪ್ಪೆ ಎತ್ತಲಾಗುತ್ತಿಲ್ಲ

ರಾತ್ರಿ ನೆಲದ ಮೇಲೆ, ಹೊಲದ ಗುಡಿಸಲಲ್ಲಿ ಮಲಗಿದ್ದರಾ? ಹೊಟ್ಟೆ ನೋಯುತ್ತಿದೆಯಾ, ಗಂಟಲಲ್ಲಿ ನೀರು ಇಳಿಯುತ್ತಿಲ್ಲವಾ? ಹಾಗಿದ್ದರೆ ಕ್ರೇಟ್ ಹಾವು, ಅಂದರೆ ಕಟ್ಟು ಹಾವು ಕಚ್ಚಿದೆ ಎಂದೇ ತಿಳಿದು ಓಡಿ. ಇದರ ಕಡಿತ ನೋಯುವುದು ಕಡಿಮೆ, ಊತವೂ ಬರುವುದಿಲ್ಲ. ಎಷ್ಟೋ ಸಲ ಗುರುತೇ ಸಿಗುವುದಿಲ್ಲ. ವಿಷ ನರ ಮತ್ತು ಸ್ನಾಯು ಕೂಡುವ ಜಾಗವನ್ನು ಹಿಡಿಯುತ್ತದೆ. ಮೆದುಳು ಎಚ್ಚರವಾಗಿಯೇ ಇರುತ್ತದೆ. ಉತ್ತರ ಕೊಡಲಾಗದಿದ್ದರೂ ಅವರಿಗೆ ನಮ್ಮ ಮಾತು ಕೇಳಿಸುತ್ತಿರಬಹುದು, ಧೈರ್ಯ ಹೇಳುತ್ತಿರಿ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಸಿರಿನ ಸ್ನಾಯು ಸೋಲುವ ಮೊದಲು ಹಾವಿನ ವಿಷ ಇಳಿಸುವ ಇಂಜೆಕ್ಷನ್ನೂ ವೆಂಟಿಲೇಟರೂ ಇರುವ ಜಾಗ ಮುಟ್ಟಬೇಕು.

ಗಾಡಿಯಿಂದ, ಗಿಡದಿಂದ ಬಿದ್ದ ಮೇಲೆ

ಮೊದಲ ಪ್ರಶ್ನೆ: ಕೈಬೆರಳು, ಕಾಲ್ಬೆರಳು ಅಲುಗುತ್ತವೆಯಾ? ಕುತ್ತಿಗೆ ಅಥವಾ ಬೆನ್ನು ನೋಯುತ್ತದಾ? ಅಲುಗದಿದ್ದರೆ, ನೋವಿದ್ದರೆ, ಎಚ್ಚರ ತಪ್ಪಿದ್ದರೆ ಬೆನ್ನುಮೂಳೆ ಮುರಿದಿದೆ ಎಂದೇ ತಿಳಿದು ಹಿಡಿಯಬೇಕು. ಇಬ್ಬರು ರಟ್ಟೆ ಹಿಡಿದು, ಇನ್ನಿಬ್ಬರು ಕಾಲು ಹಿಡಿದು ಎತ್ತಿ ಆಟೋಗೆ ತುಂಬುತ್ತಾರಲ್ಲ, ಅದೇ ದೊಡ್ಡ ಅಪಾಯ. ಮುರಿದ ಮೂಳೆ ಆ ಎಳೆತದಲ್ಲಿ ಹುರಿಯನ್ನು ಜಜ್ಜಬಹುದು. ಕುತ್ತಿಗೆಯ ಮೇಲ್ಭಾಗದ ಹುರಿಯಿಂದಲೇ ಉಸಿರಾಟದ ಮುಖ್ಯ ಸ್ನಾಯುವಿಗೆ ನರ ಹೋಗುತ್ತದೆ. ಅಲ್ಲಿ ಏಟಾದರೆ ಉಸಿರೇ ನಿಲ್ಲಬಹುದು. ಒಬ್ಬರು ತಲೆಯನ್ನು ನೆಟ್ಟಗೆ ಹಿಡಿಯಲಿ. ಮೂರು ನಾಲ್ಕು ಜನ ಒಟ್ಟಿಗೆ, ಮೈ ತಿರುಚದಂತೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಲಿ. ಬೆಂಕಿ, ವಾಹನದ ಭಯ ಇಲ್ಲದಿದ್ದರೆ 108ರವರು ಬರುವ ತನಕ ಇದ್ದಲ್ಲೇ ಇರಲಿ. ಅಪಘಾತದಲ್ಲಿ ನೆರವಾದವರಿಗೆ ತೊಂದರೆ ಕೊಡದಂತೆ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ರಕ್ಷಣೆ ಕೊಡುತ್ತದೆ, ಹೆದರಬೇಡಿ.

ತಲೆಗೆ ಏಟಾಗಿ ಎದ್ದು ಓಡಾಡುವವರ ಮೇಲೂ ಒಂದು ದಿನ ಕಣ್ಣಿಡಿ. ಪದೇ ಪದೇ ವಾಂತಿ, ಹೆಚ್ಚುವ ತಲೆನೋವು, ಎಬ್ಬಿಸಲಾಗದ ಮಂಪರು, ಒಂದು ಕಣ್ಣಪಾಪೆ ದೊಡ್ಡದು, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಕಂಡರೆ ಸಿಟಿ ಸ್ಕ್ಯಾನ್ ಬೇಕೇ ಬೇಕು. ಮುತ್ಯಾ ಬಚ್ಚಲಲ್ಲಿ ಜಾರಿ ಬಿದ್ದು, ಆಗ ಏನೂ ಆಗದೆ, ತಿಂಗಳಾದ ಮೇಲೆ ಮಂಕಾಗಿ ತೂರಾಡಿದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ಮೆದುಳಿನ ಮೇಲೆ ರಕ್ತ ಮೆಲ್ಲಗೆ ತುಂಬಿಕೊಂಡಿರಬಹುದು. ತೆಗೆದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಟೊಂಕ ನೋವು, ಒಂದು ಕಾಲಿಗೆ ಎಳೆತ

ಶಹಾಬಾದಿನ ಕಲ್ಲು ಎತ್ತುವವರು, ಚೀಲ ಹೊರುವವರು, ದಿನವಿಡೀ ಬಗ್ಗಿ ಕಳೆ ತೆಗೆಯುವವರು, ಎಲ್ಲರಿಗೂ ಇದು ಗೊತ್ತು. ಹೆಚ್ಚಿನದು ಸ್ನಾಯುವಿನ ನೋವು. ಕುಂಡಿಯಿಂದ ತೊಡೆ ಹಿಂಬದಿ ಹಾದು ಪಾದಕ್ಕೆ ಇಳಿದು, ಕೆಮ್ಮಿದಾಗ ಚುರುಕ್ಕೆಂದರೆ ಡಿಸ್ಕ್, ಅಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆ, ಒಂದು ನರವನ್ನು ಒತ್ತಿದೆ ಎಂದರ್ಥ.

ಮನೆಯ ಪರೀಕ್ಷೆ ಸುಲಭ. ಗೋಡೆಯ ಹತ್ತಿರ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಎರಡೂ ಬಂದರೆ ಶಕ್ತಿ ಉಳಿದಿದೆ. ಅಂಥವರಲ್ಲಿ ಹೆಚ್ಚಿನವರಿಗೆ ಆರೇಳು ವಾರದಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಸುಮ್ನೆ ಮಲಗಬೇಡಿ, ಭಾರ ಬಿಟ್ಟು ಓಡಾಡುತ್ತಿರಿ. ಮೊದಲ ದಿನವೇ ಎಂಆರ್‌ಐಗೆ ದುಡ್ಡು ಹಾಕುವ ಅಗತ್ಯವಿಲ್ಲ. ನೋವೇ ಇಲ್ಲದ 50 ವಯಸ್ಸಿನವರ ಸ್ಕ್ಯಾನ್ ಮಾಡಿದರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ.

ಪಾದ ಎತ್ತಲಾಗದೆ ಚಪ್ಪಲಿ ಜಾರಿದರೆ ಅದೇ ವಾರ ಡಾಕ್ಟರಲ್ಲಿ ಹೋಗಿ. ಉಚ್ಚೆ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮತ್ತು ತೊಡೆಸಂದು ಜೋಮು ಹಿಡಿದರೆ ಅದೇ ದಿನ. ಟೊಂಕದ ನರಗಳ ಇಡೀ ಕಟ್ಟು ಒತ್ತಿಕೊಂಡಿದೆ ಎಂಬ ಗುರುತು ಅದು. ಹೇಳಲು ನಾಚಿಕೆಪಡುವ ಲಕ್ಷಣ ಇದು, ಅದರಲ್ಲೂ ಹೆಣ್ಣುಮಕ್ಕಳು ಮುಚ್ಚಿಡುತ್ತಾರೆ. ಅವ್ವ, ಅತ್ತೆಯನ್ನು ಮನೆಯ ಹೆಂಗಸರೇ ಪಕ್ಕಕ್ಕೆ ಕರೆದು ಕೇಳಿ.

ಎರಡೂ ಕಾಲು ಬಿಗಿ, ಭಾರ, ಹೆಜ್ಜೆ ತಪ್ಪುತ್ತದೆ

ಇದೇ ಹೆಚ್ಚಾಗಿ ತಪ್ಪು ದಾರಿಗೆ ಹೋಗುವ ಲಕ್ಷಣ. ಕಾಲು ಸೋತಿದೆ ಎಂದು ಟೊಂಕದ ಎಂಆರ್‌ಐ ಮಾಡಿಸುತ್ತಾರೆ, ರಿಪೋರ್ಟ್ ನಾರ್ಮಲ್ ಬರುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಹುರಿ ಟೊಂಕದ ಮೇಲ್ಗಡೆಯೇ ಮುಗಿಯುತ್ತದೆ ಎಂದೆನಲ್ಲ? ಕಾಲು ಕೋಲಿನಂತೆ ಸೆಟೆದು ಬಿಗಿಯಾಗಿದ್ದರೆ ದೋಷ ಮೇಲಿದೆ, ಎದೆಯ ಹಿಂದೆ ಅಥವಾ ಕುತ್ತಿಗೆಯಲ್ಲಿ. "ಮೇಲಿನ ಬೆನ್ನು, ಕುತ್ತಿಗೆ ನೋಡಬೇಕಾ ಡಾಕ್ಟ್ರೇ?" ಎಂದು ಕೇಳುವ ಹಕ್ಕು ನಿಮಗಿದೆ.

ಕೈ ಗಮನಿಸಿ. ಗುಂಡಿ ಹಾಕಲಾಗದೆ, ಜೋಳದ ರೊಟ್ಟಿ ಬಡಿಯುವ ಕೈ ಹಿಡಿತ ತಪ್ಪಿ, ಅಕ್ಷರ ಕೆಟ್ಟಿದ್ದರೆ ಕುತ್ತಿಗೆಯ ಹುರಿ ಒತ್ತಿಕೊಂಡಿರಬಹುದು. ಕೈ ಸರಿ ಇದ್ದು, ಹೊಟ್ಟೆ ಎದೆಯ ಸುತ್ತ ಪಟ್ಟಿ ಬಿಗಿದಂತಿದ್ದರೆ ಎದೆಯ ಮಟ್ಟ. ಒದ್ದೆ ಬಟ್ಟೆಯನ್ನು ಪಾದದಿಂದ ಮೇಲಕ್ಕೆ ಮುಟ್ಟಿಸುತ್ತಾ ಹೋಗಿ. ತಣ್ಣಗೆ ಎಂದು ಎಲ್ಲಿಂದ ಗೊತ್ತಾಗುತ್ತದೆ? ಹೊಕ್ಕಳ ಮಟ್ಟದ ಚರ್ಮ ಎದೆಭಾಗದ 10ನೇ ನರದ್ದು, ಮೊಲೆತೊಟ್ಟಿನ ಮಟ್ಟ 4ನೆಯದ್ದು. ನೀವು ಗುರುತಿಸಿದ ಗೆರೆ ಡಾಕ್ಟರಿಗೆ ತುಂಬಾ ಉಪಯೋಗ.

ಇನ್ನು ಕಾರಣ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಬೆನ್ನಿನ ನಡುವೆ ಒತ್ತಿದರೆ ನೋಯುವ ಗೂನು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು. ಕೆಮ್ಮು ಇಲ್ಲದೆಯೂ ಬರುತ್ತದೆ, ಕಫದ ಪರೀಕ್ಷೆಯಲ್ಲಿ ಸಿಗದಿರಬಹುದು. ಮಾತ್ರೆ ಸರ್ಕಾರಿ ದವಾಖಾನೆಯಲ್ಲಿ ಉಚಿತ. ವರ್ಷ ದಾಟಿದರೂ ನಡುವೆ ಬಿಡಬಾರದು.

ಫ್ಲೋರೈಡ್ ಕೂಡ ನಮ್ಮ ಭಾಗದ ಕಾರಣವೇ. ಯಾದಗಿರಿ, ಕಲಬುರಗಿಯ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಅದು ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 1.5ರ ತನಕ. ವರ್ಷಗಟ್ಟಲೆ ಜಾಸ್ತಿ ಹೋದರೆ ಮೂಳೆ ದಪ್ಪಗಾಗಿ, ಬೆನ್ನು ಬಿಗಿದು, ಕೊನೆಗೆ ಹುರಿಗೂ ಜಾಗ ಕಡಿಮೆಯಾಗುತ್ತದೆ. ಮೂರು ಪರೀಕ್ಷೆ ಮಾಡಿ: ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟುವುದು, ಗದ್ದ ಎದೆಗೆ ತಾಗಿಸುವುದು, ಎರಡೂ ಕೈ ತಲೆಯ ಹಿಂದೆ ಇಡುವುದು. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿಗಳಿದ್ದು, ದೊಡ್ಡವರಿಗೆ ಈ ಮೂರೂ ಆಗದಿದ್ದರೆ ನೀರು ಪರೀಕ್ಷೆ ಮಾಡಿಸಲು ಪಂಚಾಯಿತಿಗೆ ಹೇಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದು ಇನ್ನೂ ಗಾಢವಾಗುತ್ತದೆ.

ಪಾದಗಳಲ್ಲಿ ಜೋಮು, ಉರಿ

ಎರಡೂ ಪಾದ, ಮೆಲ್ಲಗೆ, ವರ್ಷಗಳಿಂದ ಎಂದಾದರೆ ಶುಗರ್ ಮತ್ತು ಬಿ12 ವಿಟಮಿನ್ನಿನ ರಕ್ತ ಪರೀಕ್ಷೆ ಮೊದಲು. ಸಸ್ಯಾಹಾರಿಗಳಿಗೆ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗುವವರಿಗೆ ಬಿ12 ಕಡಿಮೆಯಾಗುತ್ತದೆ. ಅದು ನರಕ್ಕಷ್ಟೇ ಅಲ್ಲ, ಹುರಿಯ ಹಿಂಭಾಗಕ್ಕೂ ಹಾನಿ ಮಾಡುತ್ತದೆ. ಕತ್ತಲಲ್ಲಿ, ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ತೂರಾಡುವುದು ಅದರ ಗುರುತು.

ಆದರೆ ಬೇಧಿಯೋ ಜ್ವರವೋ ಆದ ಒಂದೆರಡು ವಾರಕ್ಕೆ ಜೋಮು ಶುರುವಾಗಿ, ಇವತ್ತು ಪಾದ, ನಾಳೆ ಮಂಡಿ, ನಾಡಿದ್ದು ತೊಡೆ ಎಂದು ಶಕ್ತಿ ಹೋಗುತ್ತಾ ಬಂದರೆ ಬೇರೆಯೇ ಮಾತು. ಉಸಿರಿನ ಸ್ನಾಯುವಿನ ತನಕ ಏರುವ ರೋಗ ಅದು. ಐಸಿಯು ಇರುವ ದವಾಖಾನೆಗೆ ಅದೇ ದಿನ.

ಚಕ್ಕರ್ ಮತ್ತು ತಲೆನೋವು

ಹಾಸಿಗೆಯಲ್ಲಿ ಮಗ್ಗುಲು ತಿರುಗಿದಾಗ ಒಂದು ನಿಮಿಷದೊಳಗೆ ಸುತ್ತಿ ನಿಲ್ಲುವ ಚಕ್ಕರ್ ಹೆಚ್ಚಾಗಿ ಕಿವಿಯೊಳಗಿನ ಹರಳಿನದು, ಡಾಕ್ಟರು ತಲೆ ತಿರುಗಿಸಿಯೇ ಸರಿಮಾಡುತ್ತಾರೆ. ಚಕ್ಕರ್ ಜೊತೆ ಎರಡೆರಡು ಕಂಡರೆ, ಮಾತು ತೊದಲಿದರೆ, ನಡೆಯಲೇ ಆಗದಿದ್ದರೆ ಕಿರುಮೆದುಳಿನ ಲಕ್ವಾ ಇರಬಹುದು.

ತಲೆನೋವಿಗೆ ಸ್ಕ್ಯಾನ್ ಬೇಕಾಗುವುದು ಅಪರೂಪ. ಒಂದೇ ನಿಮಿಷದಲ್ಲಿ ಹಿಂದೆಂದೂ ಕಾಣದಷ್ಟು ಜೋರಾದರೆ, 50 ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಬೆಳಗ್ಗೆ ವಾಂತಿಯ ಜೊತೆ ಬಂದು ವಾರವಾರಕ್ಕೆ ಹೆಚ್ಚಿದರೆ ಬೇಕು.

ದವಾಖಾನೆಗೆ ಹೋಗುವಾಗ

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಎಲ್ಲಿಗೆ ಹೋದರೂ ಒಂದು ಚೀಟಿ ಒಯ್ಯಿರಿ. ಶುರುವಾದ ಹೊತ್ತು, ಮೊದಲು ಸೋತ ಜಾಗ, ಅದು ಹರಡಿದ ರೀತಿ ಬರೆದಿರಲಿ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಚೀಲಕ್ಕೆ ಹಾಕಿ, ನಾಟಿ ಔಷಧ ಇದ್ದರೆ ಅದನ್ನೂ. ಫಿಟ್ಸ್ ಅಥವಾ ನಡಿಗೆಯ ತೊಂದರೆಯಾದರೆ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿಕೊಳ್ಳಿ. ಫಿಟ್ಸ್ ಆದಾಗ ಡಾಕ್ಟರು ಎದುರಿಗಿರುವುದಿಲ್ಲ, ಕಂಡವರನ್ನೇ ಜೊತೆಗೆ ಕರೆದೊಯ್ಯಿರಿ.